ಗಿರಣಿ ಕಾಕಾನ ಮೆಕ್ಸಿಕನ್ ಸಂಜೆಗಳು

ಹೋದ ವಾರ ಲ್ಯಾಬಿನ ಅಲಮಾರಿ ಖಾಲಿ ಮಾಡುವಾಗ ಹಳೆಯ ನೋಟ್‌ಬುಕ್ಕೊಂದು ಸಿಕ್ಕಿತು. ನಡುವಿನ ಹಾಳೆಗೆ ಕೆಂಪು ಕಲೆ. ಮೂಗಿನ ಹತ್ತಿರ ಹಿಡಿದರೆ ಈಗಲೂ ಸ್ವಲ್ಪ ಹೊಗೆ, ಸ್ವಲ್ಪ ಒಣಮೆಣಸಿನಕಾಯಿ… ಸೀನು ಬಂತು. ಹಾಳೆಯ ತುಂಬ ನನ್ನ ಅಕ್ಷರದಲ್ಲಿ ಹೈದರಾಬಾದಿನ ಮೆಕ್ಸಿಕನ್ ಹೋಟೆಲುಗಳ ಪಟ್ಟಿ. ಕೊನೆಯ ಹೆಸರಿನ ಮುಂದೆ ಮಾತ್ರ ಬೇರೆಯವರ ಅಕ್ಷರ, ಪೆನ್ನು ಒತ್ತಿ ಬರೆದದ್ದು: "ಉರಿ ಅದ. ವಾಸನಿ…" ಅಷ್ಟಕ್ಕೇ ನಿಂತಿತ್ತು. ಅದು ಶಹಾಪುರದ ನಮ್ಮ ಓಣಿಯ ಗಿರಣಿ ಕಾಕಾನ ಕೈಬರಹ.

ಆಗ ನಾನು ಹೈದರಾಬಾದಿನಲ್ಲಿ ಕಟ್ಟುವ ಹಲ್ಲು ತಯಾರಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದೆ. ಬೆಳಗಿನಿಂದ ಮೇಣ, ಪ್ಲಾಸ್ಟರು, ಯಾರದೋ ದವಡೆಯ ಅಚ್ಚು. ಸಂಜೆ ಆರಕ್ಕೆ ಬಿಟ್ಟರೆ ರೂಮಿಗೆ ಹೋಗಲು ಮನಸ್ಸೇ ಬರುತ್ತಿರಲಿಲ್ಲ. ಜೊತೆಗಿದ್ದ ಇಬ್ಬರು ಹುಡುಗಿಯರೊಂದಿಗೆ ಕೂರುವ ಜಾಗ ಹುಡುಕುವುದೇ ನಮ್ಮ ಕಸುಬಾಗಿತ್ತು. ಒಮ್ಮೆ ಮಳೆಗೆ ಹೆದರಿ ಹೊಕ್ಕ ಹೋಟೆಲು ಮೆಕ್ಸಿಕನ್ ಊಟದ್ದಾಗಿತ್ತು. ತಟ್ಟೆ ಬಂತು ನೋಡಿ: ಮೆಕ್ಕೆಜೋಳದ ರೊಟ್ಟಿ, ಬೇಯಿಸಿ ಅರೆದ ಕಾಳು, ಹಸಿ ಉಳ್ಳಾಗಡ್ಡಿ, ಮೇಲೆ ಕೆಂಪು ಚಟ್ನಿ. ಇದು ನಮ್ಮ ಮನೆಯ ಊಟವೇ, ಹೆಸರು ಹೇಳಲು ಮಾತ್ರ ನಾಲಿಗೆ ತಿರುಗುವುದಿಲ್ಲ, ಅಂದುಕೊಂಡೆ.

ಅಲ್ಲಿಂದ ಹುಚ್ಚು ಹಿಡಿಯಿತು. ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ಜಾಗ, ರೊಟ್ಟಿ, ಖಾರ, ವಾಸನೆ ಎಂದು ಬರೆಯತೊಡಗಿದೆ. ಒಂದು ವರ್ಷದಲ್ಲಿ ನನಗೆ ನನ್ನದೇ ಶಾಸ್ತ್ರ ಹುಟ್ಟಿತು. ಗೋಡೆಗೆ ದೊಡ್ಡ ಟೊಪ್ಪಿಗೆ ತೂಗುಹಾಕಿದ್ದರೆ ಆ ಕಡೆ ಹಾಯಬಾರದು. ಎಲ್ಲದರ ಮೇಲೂ ಚೀಸ್ ಸುರಿದಿದ್ದರೆ ಕೆಳಗೆ ಏನೋ ಮುಚ್ಚಿಟ್ಟಿದ್ದಾರೆ ಎಂದೇ ಅರ್ಥ. ಅಡುಗೆಮನೆಯಿಂದ ಘಾಟು ಬಂದು ಗಿರಾಕಿಗಳು ಕೆಮ್ಮುತ್ತಿದ್ದರೆ ಹೋಗಿ ಕೂರಬೇಕು.

ಇನ್ನು ಗಿರಣಿ ಕಾಕಾ. ನಮ್ಮ ಓಣಿಯ ತುದಿಯಲ್ಲಿ ಅವನ ಖಾರದ ಗಿರಣಿ. ಊರಿಗೆಲ್ಲ ಕಾಕಾ, ನಾನೂ ಸಣ್ಣವಳಿದ್ದಾಗಿನಿಂದ ಏಕವಚನದಲ್ಲೇ ಕರೆದವಳು. ಬೇಸಿಗೆ ಬಂದರೆ ಹೆಂಗಸರು ವರ್ಷದ ಖಾರಕ್ಕೆಂದು ಒಣಗಿಸಿ ಹುರಿದ ಮೆಣಸಿನಕಾಯಿ, ಕೊತ್ತಂಬರಿ ಬೀಜದ ಬುಟ್ಟಿ ಹೊತ್ತು ಅವನ ಮುಂದೆ ಪಾಳಿ ಹಚ್ಚುತ್ತಿದ್ದರು. ಅವನು ಪ್ರತಿ ಬುಟ್ಟಿಗೂ ಬಾಗಿ ಮೂಗಿಟ್ಟು, ಕಣ್ಣು ಮುಚ್ಚಿ ಒಮ್ಮೆ ಎಳೆದುಕೊಂಡು, "ಹಾಕ್ರಿ" ಅನ್ನಬೇಕು, ಇಲ್ಲವೇ "ಇನ್ನೊಂದು ಬಿಸಲು ತೋರ್ಸ್ಕೊಂಡು ಬರ್ರಿ" ಅನ್ನಬೇಕು. ಅವನು ವಾಪಸು ಕಳಿಸಿದ ಬುಟ್ಟಿಯಲ್ಲಿ ಎಲ್ಲೋ ಒಂದು ಕಾಯಿ ಮುಗ್ಗು ಹಿಡಿದಿರುತ್ತಿತ್ತು, ತಪ್ಪುತ್ತಿರಲಿಲ್ಲ. ಸುರಪುರದಿಂದಲೂ ಜನ ಬಸ್ಸಿನಲ್ಲಿ ಬುಟ್ಟಿ ಇಟ್ಟುಕೊಂಡು ಬರುತ್ತಿದ್ದದ್ದು ಅವನ ಯಂತ್ರಕ್ಕಲ್ಲ, ಮೂಗಿಗೆ.

ಕರೋನಾ ಬಂದು ಹೋದ ಮರುವರ್ಷ ಒಂದು ದಿನ ಅವನ ಫೋನು ಬಂತು. ಎಂದೂ ಮಾಡಿದವನಲ್ಲ.

"ಯವ್ವಾ, ನೀ ಇರೋ ಕಡಿ ಮೂಗಿನ ಡಾಕ್ಟರ್ ಯಾರರ ಗೊತ್ತದಾರೇನು?"

ಜ್ವರ ಹೋಗಿತ್ತು, ಹೋಗುವಾಗ ವಾಸನೆಯನ್ನೂ ಒಯ್ದಿತ್ತು. ಬೇರೆಯವರಿಗೆಲ್ಲ ತಿಂಗಳೊಪ್ಪತ್ತಿನಲ್ಲಿ ತಿರುಗಿ ಬಂದದ್ದು ಇವನಿಗೆ ಬರಲೇ ಇಲ್ಲ. ಮನೆಯಲ್ಲಿ ಹೊಸ ಯಂತ್ರ ನೋಡಿ ಬರುತ್ತೇನೆಂದು ಸುಳ್ಳು ಹೇಳಿ, ಯಾದಗಿರಿಯಲ್ಲಿ ರೈಲು ಹತ್ತಿ ಬಂದ. ಸ್ಟೇಷನ್ನಿನ ಹತ್ತಿರದ ಧರ್ಮಶಾಲೆಯಲ್ಲಿ ಇಳಿದುಕೊಂಡ. ಡಾಕ್ಟರು ಸೋಮವಾರ ನೋಡಿ, ನರಕ್ಕೆ ಪೆಟ್ಟು ಬಿದ್ದಿದೆ, ವಾಸನೆ ಬಂದರೂ ಬರಬಹುದು ಬಾರದೆಯೂ ಇರಬಹುದು, ದಿನಾ ಲವಂಗ, ನಿಂಬೆಹಣ್ಣು ಮೂಸುತ್ತಿರಿ, ಶುಕ್ರವಾರ ಮತ್ತೆ ತೋರಿಸಿ ಎಂದರು.

ಹೊರಗೆ ಬಂದು ಕಾಕಾ ಕಟ್ಟೆಯ ಮೇಲೆ ಕೂತ. ಆಮೇಲೆ ಹೇಳಿದ. ಎರಡು ತಿಂಗಳ ಹಿಂದೆ ಹಿಂದಿನ ಓಣಿಯ ಮಾಸ್ತರ ಹೆಂಡತಿ ಬುಟ್ಟಿ ತಂದಿದ್ದರಂತೆ. ಮೂಸಿದಂತೆ ಮಾಡಿ "ಹಾಕ್ರಿ" ಅಂದನಂತೆ. ಒಳಗೆ ಮುಗ್ಗಿತ್ತು. ಮಗಳ ಮದುವೆಗೆಂದು ಮಾಡಿಸಿದ ಖಾರವನ್ನೆಲ್ಲ ಆಕೆ ತಿಪ್ಪೆಗೆ ಚೆಲ್ಲಬೇಕಾಯಿತು.

"ಖಾರ ನಮ್ಮನಿದು ಕೊಟ್ಟು ಕಳಿಸ್ದೆ, ಅದಲ್ಲ ಮಾತು. ಯಂತ್ರದ ತಪ್ಪು ಅಂತ ಅಂದ್ಬಿಟ್ಟೆ ನೋಡು. ಮೂವತ್ತು ವರ್ಷ ದುಡಿದದ ಅದು, ಅದರ ಮ್ಯಾಲೆ ಹಾಕ್ದೆ." ಕಣ್ಣಲ್ಲಿ ನೀರಿತ್ತು. "ಬ್ಯಾಸಗಿ ಬರಾಕತ್ತದ. ಬುಟ್ಟಿ ಬರಾಕತ್ತಾವ. ನಾ ಏನಂತ ಮೂಸ್ಲಿ?"

ಹಲ್ಲಾಗಿದ್ದರೆ ಕಟ್ಟಿಕೊಡುತ್ತಿದ್ದೆ.

ಅವನಿಗೇ ಒಂದು ವಿಚಾರ ಹೊಳೆದಿತ್ತು. ಗೊತ್ತಿರುವ ವಾಸನೆಗಳಿಗೆ ಮೂಗು ಬೇಸತ್ತಿದೆ, ಎಂದೂ ಕಾಣದ ವಾಸನೆ ತೋರಿಸಿದರೆ ಎಚ್ಚರಾದೀತು ಎಂದು. ಡಾಕ್ಟರು ಹೀಗೆ ಹೇಳಿರಲಿಲ್ಲ. ಆದರೂ ನಾನು ನೋಟ್‌ಬುಕ್ ತೆಗೆದೆ. ನಮ್ಮ ಕಡೆ ಇಲ್ಲದ ಮೆಣಸಿನಕಾಯಿ ಬೇಕೆಂದರೆ ಮೆಕ್ಸಿಕನ್ ಹೋಟೆಲನ್ನು ಬಿಟ್ಟು ಬೇರೆಲ್ಲಿಗೆ ಕರೆದೊಯ್ಯಲಿ?

ಸೋಮವಾರ ಸಂಜೆ ಹತ್ತಿರವೆಂದು ಮಾಲ್ ಒಳಗಿನ ಹೋಟೆಲಿಗೇ ಹೋದೆವು. ಗೋಡೆಯ ಮೇಲೆ ಟೊಪ್ಪಿಗೆಗಳಿದ್ದವು, ನನ್ನ ಶಾಸ್ತ್ರ ನಾನೇ ಮುರಿದೆ. ಕಾಕಾ ತನ್ನ ಬಿಳಿ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು ಆ ದೊಡ್ಡವನ್ನು ನೋಡಿ, "ಇವನ್ನ ಹಾಕ್ಕೊಂಡವರು ಬಾಗಲದಾಗ ಹ್ಯಾಂಗ ಹಾಯ್ತಾರ?" ಅಂದ. ಚೀಸ್ ಸುರಿದ ಚಿಪ್ಸು ಬಂತು. ಎರಡು ತಿಂದು, ಒದ್ದೆ ಹಪ್ಪಳ ಅಂದ. ನೋಟ್‌ಬುಕ್ಕಿನಲ್ಲಿ ಹಾಗೇ ಬರೆದುಕೊಂಡೆ.

ಮಂಗಳವಾರ ಮಹಡಿ ಮೇಲಿನ ಜಾಗ, ದೀಪದ ಸರ, ಜೋರು ಹಾಡು. ಅಲ್ಲಿ ಹುಡುಗ ಹುಡುಗಿಯರು ಜೋಡಿ ಜೋಡಿಯಾಗಿ ಕೂತಿದ್ದರು. ನಾನು ಮುಜುಗರದಿಂದ ಸಾಯುತ್ತಿದ್ದರೆ ಕಾಕಾ ಗಾಳಿ ಚಲೋ ಅದ ಎಂದು ಕಾಲು ಮಡಚಿ ಕುರ್ಚಿಯ ಮೇಲೆ ಕೂತುಬಿಟ್ಟ. ಬಂದ ಪ್ರತಿ ಬಟ್ಟಲಿಗೂ ಬಾಗುತ್ತಿದ್ದ, ಕಣ್ಣು ಮುಚ್ಚುತ್ತಿದ್ದ, ನಾನು ಉಸಿರು ಹಿಡಿದು ನೋಡುತ್ತಿದ್ದೆ. ತಲೆ ಅಲ್ಲಾಡಿಸಿ ಬಟ್ಟಲು ಸರಿಸುತ್ತಿದ್ದ. ಬುಧವಾರದ್ದೂ ಇದೇ ಕತೆ. ಬೆಳಿಗ್ಗೆ ಲವಂಗ ಮೂಸಿ, ಸಂಜೆ ನನ್ನ ಹಿಂದೆ ಮುಗ್ಧ ಮಗುವಿನಂತೆ ಆಟೋ ಹತ್ತುತ್ತಿದ್ದ ಆ ದೊಡ್ಡ ಮನುಷ್ಯನನ್ನು ನೋಡಿ ನನಗೆ ಸಂಕಟವಾಗುತ್ತಿತ್ತು.

ಗುರುವಾರ ಪಟ್ಟಿಯ ಕೊನೆಯ ಜಾಗ. ಗಲ್ಲಿಯೊಳಗೆ ಮೂರೇ ಮೇಜು, ಬೋರ್ಡಿನ ಬಣ್ಣ ಹೋಗಿತ್ತು. ಅದರ ಮಾಲೀಕ ಬೀದರ ಕಡೆಯವನು, ಹಡಗಿನ ಅಡುಗೆಮನೆಯಲ್ಲಿ ವರ್ಷಗಟ್ಟಲೆ ದುಡಿದು ಆ ಅಡುಗೆ ಕಲಿತು ಬಂದವನು. ಕಾಕಾನ ಮಾತು ಕೇಳಿದ್ದೇ ತಡ, "ನಮ್ಮ ಕಡಿಯವ್ರು ಬಂದಾರ" ಎಂದು ಒಲೆಯ ಹತ್ತಿರವೇ ಕರೆದುಕೊಂಡುಹೋದ. ಡಬ್ಬಿಯಿಂದ ಹೊಗೆ ಹಾಕಿ ಒಣಗಿಸಿದ ಮೆಣಸಿನಕಾಯಿ ತೆಗೆದ. ಕಪ್ಪಗೆ, ಒಣದ್ರಾಕ್ಷಿಯ ಹಾಗೆ ಸುಕ್ಕುಸುಕ್ಕು. ಕಾಕಾ ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿದ, ಮುರಿದು ದೀಪಕ್ಕೆ ಹಿಡಿದು ಬೀಜ ನೋಡಿದ. ಆ ಹೊತ್ತು ಅವನ ಮುಖ ಗಿರಣಿಯ ಮುಂದಿನ ಮುಖವೇ ಆಗಿತ್ತು.

ಮಾಲೀಕ ಕಾಯಿಗಳನ್ನು ಹಂಚಿನ ಮೇಲೆ ಹಾಕಿದ. ಘಾಟೆದ್ದಿತು. ನಾನು ಕೆಮ್ಮುತ್ತಾ ಬಾಗಿಲ ಕಡೆ ಓಡಿದೆ. ತಿರುಗಿ ನೋಡಿದರೆ ಕಾಕಾ ಹಂಚಿನ ಮೇಲೇ ಬಾಗಿ, ಹೊಗೆಗೆ ಮುಖವಿಟ್ಟು ನಿಂತಿದ್ದ. ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು.

"ಏನರ ಬಂತೇನು ಕಾಕಾ?"

"ಉರಿ ಬಂತವ್ವಾ…" ಅಂದ. ಶಲ್ಯದಿಂದ ಮುಖ ಒರೆಸಿಕೊಂಡ. "ವಾಸನಿ ಬರ್ಲಿಲ್ಲ."

ನಾವು ಮೇಜಿಗೆ ಬಂದು ಕೂತೆವು. ಆಗ ಮಾಲೀಕ ಹುರಿದ ಕಾಯಿಗಳ ತಟ್ಟೆಯನ್ನು ಪಕ್ಕದ ಮೇಜಿನ ಕಾಲೇಜು ಹುಡುಗಿಯರ ಮುಂದೆ ಹಿಡಿದು, ಮೂಸಿ ನೋಡಿ, ಸೀದಿದೆಯೇನು ಎಂದು ಕೇಳಿದ. ಅವರು ಮೂಸಿ, ಇಲ್ಲ ಅಂದಮೇಲೆ ಅರೆಯಲು ಒಯ್ದ. ಕಾಕಾ ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ಮಾಲೀಕ ನಮ್ಮ ತಟ್ಟೆ ತಂದಾಗ ಕೇಳಿಯೇಬಿಟ್ಟ.

"ಗಿರಾಕಿಗಿ ಯಾಕ ಕೇಳ್ತಿ? ನಿನಗ ತಿಳಿಯಂಗಿಲ್ಲೇನು?"

"ದಿನಾ ಹೊಗಿಯಾಗ ನಿಂತವನ ಮೂಗಿಗಿ ಏನ್ ತಿಳೀತದ್ರಿ? ನನ್ನ ಮೂಗು ಯಾವತ್ತೋ ಕೈಬಿಟ್ಟದ."

"ಹಂಗಂತ ಮಂದಿ ಮುಂದ ಹೇಳ್ಕೊಳ್ಳಾಕ ನಾಚಿಕಿ ಆಗಂಗಿಲ್ಲ?"

ಅವನು ನಕ್ಕ. "ನಾ ನಾಚಿಕಿ ಪಟ್ರ ಚಟ್ನಿ ಕೆಡ್ತದ್ರಿ."

ಕಾಕಾ ನಗಲಿಲ್ಲ. ತಟ್ಟೆಯಲ್ಲಿದ್ದದ್ದನ್ನು ಒಂದು ಚೂರೂ ಬಿಡದೆ ಉಂಡ. ಆಮೇಲೆ ಟ್ಯಾಂಕ್ ಬಂಡ್ ಮೇಲೆ ಹೋಗಿ ಕೂತೆವು. ಕೆರೆಯ ನೀರಿನ ಮೇಲೆ ದೀಪಗಳ ಬೆಳಕಿತ್ತು, ಸುತ್ತ ಮಕ್ಕಳ ಗದ್ದಲ. ಇವತ್ತಿನದನ್ನು ನೀನೇ ಬರಿ ಎಂದು ನೋಟ್‌ಬುಕ್ ಕೊಟ್ಟೆ. ಅವನ ಬೆರಳಿಗೆ ಚಟ್ನಿ ಹತ್ತಿತ್ತು. "ಉರಿ ಅದ. ವಾಸನಿ…" ಎಂದು ಬರೆದು, ಪೆನ್ನು ಹಿಡಿದೇ ಕೂತು, ಕೊನೆಗೆ ಹಾಗೇ ತಿರುಗಿ ಕೊಟ್ಟ.

"ನಾಳಿ ಡಾಕ್ಟರ್ ಬ್ಯಾಡ. ರೈಲಿಗೆ ಹತ್ಸು. ಮತ್ತ… ಊರಾಗ ಯಾರ ಮುಂದನೂ ಇದನ್ನ ಅನ್ನಬ್ಯಾಡ ಯವ್ವಾ."

ಅನ್ನುವುದಿಲ್ಲ ಎಂದು ಮಾತು ಕೊಟ್ಟೆ.

ಆ ಬೇಸಿಗೆ ರಜೆಗೆ ಬಂದವಳು ಅವ್ವನ ಬುಟ್ಟಿ ಹೊತ್ತು ಗಿರಣಿಗೆ ಹೋದೆ. ಕಾಕಾ ಮೊದಲಿನ ಹಾಗೇ ಪ್ರತಿ ಬುಟ್ಟಿಗೂ ಬಾಗಿ, ಕಣ್ಣು ಮುಚ್ಚಿ ಮೂಸುತ್ತಿದ್ದ. ಆದರೆ "ಹಾಕ್ರಿ" ಅನ್ನುತ್ತಿರಲಿಲ್ಲ. ಬುಟ್ಟಿಯನ್ನು ಹಿಂದೆ ನಿಂತವಳ ಕೈಗೆ ಕೊಟ್ಟು, "ನೀ ನೋಡವ್ವಾ" ಅನ್ನುತ್ತಿದ್ದ. ಒಬ್ಬರ ಖಾರ ಇನ್ನೊಬ್ಬರು ಮೂಸಬೇಕು, ಇದು ಗಿರಣಿಯ ಹೊಸ ಕಾನೂನಂತೆ. ಹೆಂಗಸರು ಮೂಸಿ ಹೇಳುತ್ತಿದ್ದರು, ಯಂತ್ರ ತಿರುಗುತ್ತಿತ್ತು. ನನ್ನ ಕಡೆ ನೋಡಿ ಒಂಚೂರು ನಕ್ಕ. ಇಡೀ ಊರಲ್ಲಿ ಅವನ ಗುಟ್ಟು ಬಲ್ಲವಳು ನಾನೊಬ್ಬಳೇ ಎಂದು ನನಗೆ ಹೆಮ್ಮೆಯಾಗಿತ್ತು. ಆ ಹೆಮ್ಮೆಯನ್ನು ವರ್ಷಗಟ್ಟಲೆ ಜೋಪಾನ ಮಾಡಿದೆ, ಅವ್ವನಿಗೂ ಹೇಳಲಿಲ್ಲ.

ಕಾಕಾ ಹೋಗಿ ಎರಡು ವರ್ಷವಾಯಿತು. ಎದೆನೋವೆಂದು ಕೂತವನು ಏಳಲಿಲ್ಲವಂತೆ. ನಾನು ಹೈದರಾಬಾದಿನಿಂದ ಬಂದು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮುಖ ನೋಡಲಾಗಲಿಲ್ಲ ಎಂಬುದು ಇವತ್ತಿಗೂ ಒಳಗೆ ಕೊರೆಯುತ್ತದೆ. ಆಮೇಲೆ ನಾನೂ ಆ ಊರು ಬಿಟ್ಟು ಯಾದಗಿರಿಯಲ್ಲಿ ಸ್ವಂತ ಲ್ಯಾಬ್ ಹಾಕಿದೆ. ಇಲ್ಲಿ ಸಂಜೆ ಕೂರಲು ಸ್ಟೇಷನ್ನಿನ ಬೆಂಚು, ತಿನ್ನಲು ಬಂಡಿಯ ಮಿರ್ಚಿ. ಮೂರು ಮೇಜಿನ ಆ ಹೋಟೆಲು ಮುಚ್ಚಿದೆ ಎಂದು ಹಳೆಯ ಗೆಳತಿಯೊಬ್ಬಳು ಹೇಳಿದಳು.

ನೋಟ್‌ಬುಕ್ ಸಿಕ್ಕ ಭಾನುವಾರವೇ ಶಹಾಪುರಕ್ಕೆ ಹೋದೆ. ಬುಟ್ಟಿ ತುಂಬಿತ್ತು, ಅವ್ವ ಕಾಯುತ್ತಿದ್ದಳು. ಗಿರಣಿಯನ್ನು ಈಗ ಕಾಕಾನ ಸೊಸೆ ನಡೆಸುತ್ತಾಳೆ. ಪಾಳಿಯಲ್ಲಿ ನನ್ನ ಮುಂದೆ ಮಾಸ್ತರ ಹೆಂಡತಿ ನಿಂತಿದ್ದರು, ಮಗಳ ಮದುವೆಯ ಖಾರ ಚೆಲ್ಲಿದ್ದ ಅದೇ ಹೆಂಗಸು. ಈಗ ಕೂದಲೆಲ್ಲ ಬೆಳ್ಳಗೆ. ಏನೋ ತಡೆಯಲಾಗದೆ, ಕಾಕಾ ಇದ್ದಿದ್ದರೆ, ಅಂದೆ.

"ಅವತ್ತ ನಮ್ಮ ಮನಿಗಿ ಬಂದಿದ್ರು," ಅಂದರು ಆಕೆ. "ಹೈದ್ರಾಬಾದಿಂದ ಬಂದವರು ಸೀದಾ ನಮ್ಮ ಕಟ್ಟಿಗಿ. ಯಂತ್ರದ್ದು ತಪ್ಪಲ್ಲ, ನನ್ನ ಮೂಗು ಹೋಗ್ಯಾದ, ಸುಳ್ಳು ಹೇಳ್ದೆ ಅಂತ ಅಂದ್ರು. ಅಳಾಕತ್ತಿದ್ರು."

"ನೀವು ಯಾರ ಮುಂದನೂ…?"

"ಓಣಿಗೆಲ್ಲ ನಾನ ಹೇಳ್ದೆ. ಎಲ್ಲಾರಿಗೂ ಗೊತ್ತಿತ್ತವ್ವಾ. ಅವರ ಮುಂದ ಮಾತ್ರ ಯಾರೂ ಬಾಯಿ ಬಿಡ್ಲಿಲ್ಲ. ಅವರು ಮೂಸೋತನಕ ಯಾರೂ ಬುಟ್ಟಿ ಮುಂದ ಸರಸ್ತಿದ್ದಿಲ್ಲ."

ಇಷ್ಟು ವರ್ಷ ನಾನೊಬ್ಬಳೇ ಕಾಯ್ದೆ ಅಂದುಕೊಂಡ ಗುಟ್ಟನ್ನು ಒಂದು ಪಾಳಿಯೇ ಕಾಯ್ದಿತ್ತು. ಅದು ಗುಟ್ಟಾಗಿ ಉಳಿದಿಲ್ಲ ಎಂದು ಅವನಿಗೆ ತಿಳಿಯದ ಹಾಗೆ. ಅಥವಾ ಅವನಿಗೂ ತಿಳಿದಿತ್ತೋ ಏನೋ… ಕೇಳೋಣವೆಂದರೆ ಅವನಿಲ್ಲ. ಅಲ್ಲೇ, ಎಲ್ಲರ ನಡುವೆ, ನನಗೆ ಅಳು ಬಂತು.

ಮಾಸ್ತರ ಹೆಂಡತಿಯ ಪಾಳಿ ಬಂತು. ಆಕೆ ತಮ್ಮ ಬುಟ್ಟಿಯನ್ನು ಯಂತ್ರದ ಮುಂದೆ, ಕಾಕಾ ನಿಲ್ಲುತ್ತಿದ್ದ ಕಡೆ ಹಿಡಿದು, ಒಂದು ಉಸಿರಿನಷ್ಟು ಹೊತ್ತು ತಡೆದರು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ ತಿರುಗಿ ನನ್ನ ಕೈಗೆ ಕೊಟ್ಟರು.

"ನೀ ನೋಡವ್ವಾ."

ಬಾಗಿದೆ. ಕಣ್ಣು ಮುಚ್ಚಿ ಎಳೆದುಕೊಂಡೆ. ಬಿಸಿಲು, ಕೊತ್ತಂಬರಿ, ಹುರಿದ ಮೆಣಸಿನಕಾಯಿ, ಎಲ್ಲವೂ ಬಂತು.

"ಹಾಕ್ರಿ" ಅಂದೆ.