ಐಸ್ ಶೆಡ್ಡಿನ ತೂಕ

ಡ್ರಿಲ್ ಮಾಸ್ಟ್ರ ಕೊರಳಿನ ಸೀಟಿ ಎಂದೂ ಕೆಳಗೆ ಜೋತಾಡಿದ್ದಿಲ್ಲ. ಅದು ಅವರ ಹೊಟ್ಟೆಯ ಮೇಲೆ ಆರಾಮವಾಗಿ ಮಲಗಿರುತ್ತಿತ್ತು. ಅಂಥ ಹೊಟ್ಟೆ ಹೊತ್ತುಕೊಂಡೇ ಅವರು ನಮಗೆ, ದಿನಾ ಕಾಪುವಿನಿಂದ ಶಿರ್ವದ ತನಕ ಮೀನಿನ ಬುಟ್ಟಿ ಹೊರುವ ಹೆಂಗಸರಿಗೆ, ಮೈಬಲದ ಪಾಠ ಹೇಳುತ್ತಿದ್ದರು.

ಎಪ್ಪತ್ತರ ದಶಕದ ಕೊನೆ. ಶಾಲೆಯಿಂದ ನಿವೃತ್ತರಾಗಿ ಮನೆಯಲ್ಲಿ ಹೊತ್ತು ಹೋಗದೆ, ನಮ್ಮ ಮಹಿಳಾ ಮಂಡಳಿಯ ಹಗ್ಗಜಗ್ಗಾಟದ ತಂಡಕ್ಕೆ ತಾವೇ ಗುರುಗಳಾದರು. ಯಾರೂ ಕರೆದಿರಲಿಲ್ಲ. ನಾನು ತಂಡದ ಕೊನೆಯವಳು, ಹಗ್ಗದ ತುದಿಯನ್ನು ಮೈಗೆ ಸುತ್ತಿಕೊಂಡು ನಿಲ್ಲುವವಳು. ಆ ಜಾಗವೆಂದರೆ ನನಗೆ ಜೀವ. ಒಂದು ಮಾತು ಒಪ್ಪಬೇಕು, ಹಗ್ಗದ ವಿಷಯ ಅವರಿಗೆ ಗೊತ್ತಿತ್ತು. "ಕೈಯಲ್ಲಿ ಎಳೆಯುವುದಲ್ಲ ಮಾರಾಯ್ತಿ. ಹಿಮ್ಮಡಿ ಊರು, ಬೆನ್ನು ನೆಟ್ಟಗೆ ಇಡು, ಸೊಂಟದಲ್ಲಿ ಎಳಿ" ಎನ್ನುತ್ತಿದ್ದರು. ಅಷ್ಟಕ್ಕೇ ಬಾಯಿ ಮುಚ್ಚಿದ್ದರೆ ದೊಡ್ಡ ಮನುಷ್ಯರಾಗಿ ಉಳಿಯುತ್ತಿದ್ದರು.

ಕಾರ್ಕಳದಲ್ಲಿ ಪಂದ್ಯವಿತ್ತು. ಎಂಟು ಜನರ ಒಟ್ಟು ತೂಕ ಇಷ್ಟನ್ನು ಮೀರಬಾರದೆಂಬ ನಿಯಮ. ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯದೆ ನಾವು ಮನೆಯಲ್ಲಿದ್ದಾಗ ಮಾಸ್ಟ್ರು ಐಸ್ ಶೆಡ್ಡಿನ ತೂಕದ ಮೆಶಿನಿನ ಮೇಲೆ ನಮ್ಮನ್ನು ನಿಲ್ಲಿಸಿ ಬರೆದುಕೊಂಡಿದ್ದರು. ಪಂದ್ಯಕ್ಕೆ ಎರಡು ತಿಂಗಳಿರುವಾಗ ಇನ್ನೊಮ್ಮೆ ತೂಗಿದರು. ಅಷ್ಟರಲ್ಲಿ ಮೀನುಗಾರಿಕೆ ಸುರುವಾಗಿತ್ತು, ನಾವು ಕಡಲ ಬದಿಯ ಮೀನಿನ ಏಲಂ ಮುಗಿಸಿ ನೇರ ಬಂದಿದ್ದೆವು. ಎಲ್ಲರ ತೂಕವೂ ಏರಿತ್ತು. ಉಳಿದವರಿಗೆ "ಮಳೆಗಾಲದಲ್ಲಿ ತಿಂದು ಕೂತದ್ದು" ಎಂದರು. ನಾನು ಮೆಶಿನು ಹತ್ತುವ ಮೊದಲು ಸೊಂಟದ ಚೀಲ ಬಿಚ್ಚಿಟ್ಟಾಗ ಮಾತ್ರೆಯ ಪಟ್ಟಿ ಜಾರಿ ಬಿತ್ತು. ನನಗೆ ಎರಡು ಮಕ್ಕಳೇ ಸಾಕಾಗಿತ್ತು. ಆಪರೇಶನ್ ಮಾಡಿಸಿದರೆ ಮೂರು ತಿಂಗಳು ಬುಟ್ಟಿ ಹೊರಬಾರದೆಂದು ಹೇಳಿ ನರ್ಸಮ್ಮ ಕೊಟ್ಟ ಮಾತ್ರೆ ಅದು.

ಮಾಸ್ಟ್ರು ಅದನ್ನು ಕೊಳೆತ ಬೂತಾಯಿ ಮೀನಿನಂತೆ ಎರಡೇ ಬೆರಳಲ್ಲಿ ಎತ್ತಿದರು.

"ಮಕ್ಕಳಾಗದ ಮಾತ್ರೆ ಅಲ್ವಾ? ಇದು ತಿಂದರೆ ಮಾಂಸವೆಲ್ಲ ಕೊಬ್ಬಾಗ್ತದೆ. ನಿನ್ನ ಮೈಯಲ್ಲಿ ಇನ್ನೆಂತ ಬಲ ಉಂಟು?"

"ನಿನ್ನೆ ತುಂಬಿದ ಬುಟ್ಟಿ ಹೊತ್ತದ್ದು ಯಾರು ಮಾಸ್ಟ್ರೇ?"

"ಅದು ಅಭ್ಯಾಸ, ಬಲ ಅಲ್ಲ. ಮಾತ್ರೆ ಬಿಟ್ಟರೆ ನಿನಗೆ ಜಾಗ ಉಂಟು. ಇಲ್ಲದಿದ್ದರೆ ಇಲ್ಲ."

ಮನೆಗೆ ಬಂದು ಸೀರೆ ಹಿಂಡುವಾಗ ನನಗೆ ಹೊಳೆಯಿತು. ಕಡಲಿನ ನೀರು, ಐಸಿನ ನೀರು ಎರಡನ್ನೂ ಕುಡಿದ ಸೀರೆ ಅದು. ಮಳೆಗಾಲದಲ್ಲಿ ತೂಗಿದ್ದು ಒಣ ಸೀರೆಯಲ್ಲಿ, ಈಗ ಒದ್ದೆ ಸೀರೆಯಲ್ಲಿ. ಮಹಾಶಯರು ಪತ್ತೆ ಹಚ್ಚಿದ ಕೊಬ್ಬು ನನ್ನ ಅಂಗಳದಲ್ಲಿ ಹರಿದು ಹೋಗುತ್ತಿತ್ತು! ಮರುದಿನ ಹೇಳಿದೆ. "ನನಗೆ ಕಲಿಸ್ಲಿಕ್ಕೆ ಬರಬೇಡ" ಎಂದು ಸೀಟಿ ಊದಿದರು. ಮಾತ್ರೆ ಮೈಗೆ ಏನೇನು ಮಾಡುತ್ತದೋ ನನಗೆ ಪೂರ್ತಿ ತಿಳಿದಿರಲಿಲ್ಲ. ಅವರಿಗೆ ಅಷ್ಟೂ ತಿಳಿದಿರಲಿಲ್ಲ, ಆದರೆ ಸೀಟಿ ಇತ್ತು.

ಆದರೂ ಮಾತ್ರೆ ಬಿಟ್ಟೆ. ಹಗ್ಗದ ತುದಿಯ ಆಸೆಗೆ ಬಿಟ್ಟೆ. ಆ ದಡ್ಡತನಕ್ಕೆ ನನ್ನನ್ನೇ ಬೈದುಕೊಳ್ಳಬೇಕು. ಪಂದ್ಯದ ದಿನ ತಂಡ ಕಾರ್ಕಳದಲ್ಲಿದ್ದರೆ ನಾನು ಹಿತ್ತಿಲಲ್ಲಿ ವಾಂತಿ ಮಾಡುತ್ತಿದ್ದೆ. ಹೊಟ್ಟೆಯಲ್ಲಿ ಮೂರನೆಯದು ನಿಂತಿತ್ತು. ಆ ಮಗಳು ಈಗ ನನ್ನ ಕಣ್ಣಿನ ಬೆಳಕು, ಅದು ಬೇರೆ ಮಾತು. ಸೋತು ಬಂದ ಮಾಸ್ಟ್ರು ಬೇಲಿಯಾಚೆಯಿಂದ ನೋಡಿ, "ಮಾತ್ರೆಯ ನಂಜು ಇಳೀತಾ ಉಂಟು, ಒಳ್ಳೆಯದೇ" ಎಂದು ತೀರ್ಪು ಕೊಟ್ಟು ಹೋದರು. ಬಾಣಂತನ ಮುಗಿದದ್ದೇ ನಾನು ನರ್ಸಮ್ಮನ ಹತ್ತಿರ ಹೋಗಿ ಮತ್ತೆ ಮಾತ್ರೆ ತಂದೆ.

ಏಳೆಂಟು ವರ್ಷಗಳ ನಂತರ ಒಂದು ಬೆಳಿಗ್ಗೆ ಮಾಸ್ಟ್ರ ಹೆಂಡತಿ ಬೊಬ್ಬೆ ಹಾಕುತ್ತ ಓಡಿ ಬಂದರು. ಮಾಸ್ಟ್ರಿಗೆ ಲಕ್ವ ಹೊಡೆದಿತ್ತು. ಗಂಡಸರೆಲ್ಲ ಕಡಲಿನಲ್ಲಿ. ಬಾಡಿಗೆ ಕಾರು ಮೇಲಿನ ರಸ್ತೆಯಲ್ಲಿ, ಅವರ ಮನೆ ಮೆಟ್ಟಿಲುಗಳ ಕೆಳಗೆ. ಮುದುಕ ಡ್ರೈವರು, "ಇಬ್ಬರು ಗಂಡಸರಾದರೂ ಬೇಕಲ್ಲ ಅಮ್ಮ" ಎಂದ. ನಾನು ಬುಟ್ಟಿ ಕೆಳಗಿಟ್ಟೆ. ಹಿಮ್ಮಡಿ ಊರಿ, ಬೆನ್ನು ನೆಟ್ಟಗೆ ಇಟ್ಟು, ಸೊಂಟದ ಬಲದಲ್ಲಿ ಅವರನ್ನು ಬೆನ್ನಿಗೆ ಎತ್ತಿಕೊಂಡೆ. ಹೆಂಡತಿ ಹಿಂದಿನಿಂದ ಆಧಾರ ಕೊಟ್ಟರು. ಅರ್ಧ ದಾರಿಯಲ್ಲಿ ಉಸಿರು ತೆಗೆದುಕೊಂಡು ಹೇಳಿಯೇಬಿಟ್ಟೆ.

"ಮಾಸ್ಟ್ರೇ, ಮಾತ್ರೆ ನಿನ್ನೆಯೂ ತಿಂದಿದ್ದೇನೆ."

ಅವರ ಮಾತು ನಿಂತಿತ್ತು. ಸರಿಯಿದ್ದ ಕೈ ನನ್ನ ಭುಜವನ್ನು ಬಿಗಿಯಾಗಿ ಹಿಡಿಯಿತು. ಪಶ್ಚಾತ್ತಾಪ ಎಂದು ಅವರ ಹೆಂಡತಿ ಆಮೇಲೆ ಹೇಳಿದರು. ಬೀಳುವ ಹೆದರಿಕೆ ಎಂದು ನನಗೆ ಗೊತ್ತು.

ಮೂರನೆಯ ದಿನ ಮಣಿಪಾಲದ ಆಸ್ಪತ್ರೆಯಲ್ಲಿ ತೀರಿಕೊಂಡರು. ನನಗೆ ಅಳು ಬರಲಿಲ್ಲ. ಆದರೆ ಇಂದಿಗೂ ಏನಾದರೂ ಭಾರ ಎತ್ತುವಾಗ ಮೊದಲು ಹಿಮ್ಮಡಿ ಊರುತ್ತೇನೆ. ಅದನ್ನು ಕಲಿತದ್ದು ಅಂಥ ಮನುಷ್ಯನಿಂದ ಎಂದು ಪ್ರತಿ ಸಲವೂ ಸಿಟ್ಟು ಬರುತ್ತದೆ.