ಗೋಡೆ ಮಾಸ್ತರರ ಮುಖ್ಯ ಸುತ್ತು

ನಮ್ಮ ಭಾವನಿಗೆ ಸಂಬಳ ಬರುತ್ತಿದ್ದದ್ದೇ ಸೋಲುವುದಕ್ಕೆ. ಟೆನಿಸ್ ಕ್ಲಬ್ಬಿನಲ್ಲಿ ಅವರ ಹುದ್ದೆಗೆ ಕೋಚ್ ಎಂಬ ಗೌರವದ ಹೆಸರೇನೋ ಇತ್ತು. ಕೆಲಸ ಮಾತ್ರ ಇಷ್ಟೇ: ಹೊಟ್ಟೆ ಬಂದ ಸದಸ್ಯರ ಎದುರು ನಿಲ್ಲುವುದು, ಅವರು ಯಾವ ದಿಕ್ಕಿಗೆ ಬಾರಿಸಿದರೂ ಓಡಿಹೋಗಿ ಆ ಚೆಂಡನ್ನು ಅವರ ಸೊಂಟದ ಎತ್ತರಕ್ಕೇ ವಾಪಸು ತಲುಪಿಸುವುದು. ಸದಸ್ಯರು ಕಾಲು ಕದಲಿಸುವ ಕಷ್ಟ ಪಡಬಾರದು. ಹಲ್ಲಿನ ಡಾಕ್ಟರು, ಸಿಮೆಂಟ್ ವ್ಯಾಪಾರಿ, ನಿವೃತ್ತ ನ್ಯಾಯಾಧೀಶರು, ಎಲ್ಲರೂ ಬೆಳಿಗ್ಗೆ ಭಾವನನ್ನು ಸೋಲಿಸಿ, ಕತ್ತು ಒರೆಸಿಕೊಳ್ಳುತ್ತಾ, "ನನ್ನ ಫೋರ್‌ಹ್ಯಾಂಡ್ ಹೇಗಿತ್ತು ಇವತ್ತು?" ಎಂದು ಕೇಳುತ್ತಿದ್ದರು. "ಅದ್ಭುತ ಸರ್" ಎನ್ನುವುದೂ ಭಾವನ ಕೆಲಸದಲ್ಲೇ ಸೇರಿತ್ತು. ಇಷ್ಟು ಸೇವೆಗೆ ಕ್ಲಬ್ಬಿನವರು ಕೊಟ್ಟ ಬಿರುದು ಗೋಡೆ ಮಾಸ್ತರು. ಗೋಡೆಗಾದರೂ ಆಗಾಗ ಸುಣ್ಣ ಹೊಡೆಸುತ್ತಾರೆ, ಇವರಿಗೆ ಅದೂ ಇಲ್ಲ ಎಂದು ನಮ್ಮಕ್ಕ ಹಂಗಿಸುತ್ತಿದ್ದಳು.

ಹೊರಗೆ ಹೀಗೆ ಸೋಲುವ ಮನುಷ್ಯನಿಗೆ ಒಳಗೊಂದು ಹುಚ್ಚು ಇತ್ತು. ಅದೇ ಕ್ಲಬ್ಬಿನ ಅಂಗಳದಲ್ಲಿ ವರ್ಷಕ್ಕೊಮ್ಮೆ ದೊಡ್ಡ ಪಂದ್ಯಾವಳಿ ನಡೆಯುತ್ತದೆ. ಟಿವಿಯಲ್ಲಿ ಕಾಣುವ ಮುಖಗಳೆಲ್ಲ ಬರುತ್ತವೆ. ಅದರ ಪುರುಷರ ಸಿಂಗಲ್ಸ್‌ನಲ್ಲಿ, ಮುಖ್ಯ ಸುತ್ತಿನಲ್ಲಿ, ಒಂದೇ ಒಂದು ಪಂದ್ಯ ಆಡಬೇಕು, ಸೋತರೂ ಚಿಂತೆಯಿಲ್ಲ. (ಆ ಅಭ್ಯಾಸ ಇದ್ದೇ ಇತ್ತಲ್ಲ.) ಕ್ಲಬ್ಬಿನವರು ದೊಡ್ಡ ಮನಸ್ಸು ಮಾಡಿ ಪ್ರತಿ ವರ್ಷ ಅವರನ್ನು ಅರ್ಹತಾ ಸುತ್ತಿಗೆ ಸೇರಿಸುತ್ತಿದ್ದರು. ಭಾವ ಪ್ರತಿ ವರ್ಷ ಮೊದಲನೇ ದಿನವೇ ಸೋತು ಮನೆಗೆ ಬರುತ್ತಿದ್ದರು. ಈ ವರ್ಷ ಅಧ್ಯಕ್ಷರು ಬೆನ್ನು ತಟ್ಟಿ, "ಮಾಸ್ತರೇ, ಇದೇ ಕೊನೆ. ಮುಂದಿನ ಸಲದಿಂದ ನಮ್ಮಣ್ಣನ ಮಗ ಆಡ್ತಾನೆ, ಯುವಕರಿಗೂ ಅವಕಾಶ ಬೇಕಲ್ಲ" ಎಂದರು. ಯುವಕರೆಂದರೆ ಅಧ್ಯಕ್ಷರಿಗೆ ಅಷ್ಟು ಕಾಳಜಿ.

ಕೊನೆಯ ವರ್ಷವೆಂದು ನಾನೂ ಕನ್ನಡಕದ ಅಂಗಡಿಗೆ ರಜೆ ಹಾಕಿ ಭಾವನ ಜೊತೆ ಹೋದೆ. ಆಟಗಾರನ ಜೊತೆ ಒಬ್ಬ ಕೋಚ್ ಇರಬಹುದೆಂಬ ನಿಯಮವಿತ್ತು. ಹಾಗಾಗಿ ಜನ್ಮದಲ್ಲಿ ರ‍್ಯಾಕೆಟ್ ಹಿಡಿಯದ ನನ್ನ ಕೊರಳಿಗೆ ಕೋಚ್ ಎಂಬ ಕಾರ್ಡು ಬಿತ್ತು. ನನ್ನ ತರಬೇತಿಯ ಮಹಿಮೆಯೋ ಏನೋ, ಮೊದಲನೇ ಎದುರಾಳಿ ಹೊಟ್ಟೆ ಕೆಟ್ಟು ಅರ್ಧಕ್ಕೇ ಬಿಟ್ಟುಹೋದ. ಎರಡನೆಯವನು ಹೊಡೆದದ್ದನ್ನೆಲ್ಲ ಭಾವ ವಾಪಸು ಕೊಟ್ಟೂ ಕೊಟ್ಟೂ ಅವನ ತಲೆ ಕೆಡಿಸಿದರು; ಅವನು ಸಿಟ್ಟಿನಲ್ಲಿ ಚೆಂಡನ್ನೆಲ್ಲ ಗೆರೆಯಾಚೆ ಬಾರಿಸಿ ತಾನಾಗಿ ಸೋತ. ಮೂರನೆಯವನು ಅಂಥ ಉಪಕಾರ ಮಾಡಲಿಲ್ಲ. ಮುಖ್ಯ ಸುತ್ತಿನ ಬಾಗಿಲಲ್ಲಿ ಭಾವ ಸೋತರು.

ಆದರೂ ಆಸೆ ಪೂರ್ತಿ ಸಾಯಲಿಲ್ಲ. ಟೆನಿಸ್‌ನಲ್ಲಿ ಲಕ್ಕಿ ಲೂಸರ್ ಎಂದೊಂದು ಪದವಿಯಿದೆ. ಅದೃಷ್ಟವಂತ ಸೋತವ! ಅರ್ಹತಾ ಸುತ್ತಿನ ಕೊನೆಯಲ್ಲಿ ಸೋತವರು ಆಟದ ಬಟ್ಟೆ ಹಾಕಿಕೊಂಡು, ಬೂಟಿನ ಲೇಸು ಬಿಗಿದು, ಬಟ್ಟೆ ಬದಲಿಸುವ ಕೋಣೆಯಲ್ಲಿ ಬಕಪಕ್ಷಿಯ ಹಾಗೆ ಕಾಯಬಹುದು. ಮುಖ್ಯ ಸುತ್ತಿನವರಲ್ಲಿ ಯಾರಿಗಾದರೂ ಜ್ವರವೋ ನೋವೋ ಬಂದು ಆಡುವುದಿಲ್ಲ ಎಂದರೆ ಆ ಜಾಗ ಕಾಯುವವನಿಗೆ. ಆದರೆ ಪಂದ್ಯದ ಮೊದಲನೇ ಚೆಂಡು ಬೀಳುವ ಮೊದಲೇ ಅವನು ಹಿಂದೆ ಸರಿಯಬೇಕು. ಚೆಂಡು ಬಿದ್ದ ಮೇಲೆ ಅವನು ಅಂಗಳದಲ್ಲೇ ಅಡ್ಡ ಬಿದ್ದರೂ ಕಾಯುವವನಿಗೆ ಏನೂ ಸಿಗದು. ಭಾವನಿಗಿಂತ ಮುಂದಿದ್ದ ಇಬ್ಬರು ಕಾಯುವುದು ಬೇಸರವೆಂದು ಇನ್ನೊಂದು ಪಂದ್ಯಾವಳಿಗೆ ವಿಮಾನ ಹತ್ತಿದ್ದರು. ಹೀಗೆ ಇಡೀ ಜಗತ್ತಿನಲ್ಲಿ ಮೊದಲನೇ ಅದೃಷ್ಟವಂತ ಸೋತವರು ನಮ್ಮ ಭಾವ.

ಮೊದಲನೇ ಸುತ್ತಿನ ಕೊನೆಯ ದಿನ. ಅಲ್ಲಿಯವರೆಗೆ ಯಾರಿಗೂ ನೆಗಡಿ ಕೂಡ ಬಂದಿರಲಿಲ್ಲ. ಇಂಥ ಆರೋಗ್ಯವಂತರನ್ನು ನಾನು ಎಲ್ಲೂ ನೋಡಿರಲಿಲ್ಲ. ಆಗ ಸುದ್ದಿ ಬಂತು: ಮೂರನೇ ಶ್ರೇಯಾಂಕದ ದೊಡ್ಡ ಆಟಗಾರನಿಗೆ ಬೆನ್ನು ಹಿಡಿದುಕೊಂಡಿದೆ, ಮಧ್ಯಾಹ್ನ ಆಡುವುದು ಅನುಮಾನ. ನನಗೆ ಕುಣಿಯಬೇಕೆನಿಸಿತು. ಒಬ್ಬ ಮನುಷ್ಯನ ಬೆನ್ನುನೋವಿಗೆ ಇಷ್ಟು ಸಂತೋಷಪಡುವುದು ತಪ್ಪೆಂದು ತಿಳಿದೂ ಸಂತೋಷಪಟ್ಟೆ.

ಅಷ್ಟರಲ್ಲಿ ಪಂದ್ಯಾವಳಿಯ ಆಫೀಸಿನವನೊಬ್ಬ ಭಾವನನ್ನು ಹುಡುಕಿಕೊಂಡು ಬಂದ. "ಮಾಸ್ತರೇ, ಅವರು ಬೆನ್ನು ಹೇಗಿದೆ ಅಂತ ಆಡಿ ನೋಡ್ಬೇಕಂತೆ. ಅವರ ಅಭ್ಯಾಸದ ಜೊತೆಗಾರ ಊರು ಬಿಟ್ಟಿದ್ದಾನೆ. ನಾಜೂಕಾಗಿ ಚೆಂಡು ಕೊಡೋರು ಯಾರಿದ್ದಾರೆ ಅಂದ್ರು, ನಿಮ್ಮ ಹೆಸರು ಹೇಳಿದೆ."

ಯಾರು ಆಡದಿದ್ದರೆ ತನಗೆ ಜಾಗ ಸಿಗುವುದೋ ಅವನನ್ನೇ ಆಡುವಂತೆ ಮಾಡಲು ಭಾವನಿಗೆ ಕರೆ! ಇಷ್ಟು ಸೊಗಸಾದ ಏರ್ಪಾಡು ನಮ್ಮ ಕ್ಲಬ್ಬಿನವರಿಗೆ ಮಾತ್ರ ಹೊಳೆಯುತ್ತದೆ. ಆದರೆ ನನಗೆ ಬೇರೆಯೇ ಹೊಳೆಯಿತು. ಕೂಡಲೇ ಮನೆಯಲ್ಲಿದ್ದ ಅಕ್ಕನಿಗೆ ಫೋನ್ ಮಾಡಿದೆ. ಅಕ್ಕ ಮೂಳೆ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಕೂತು ಕೂತು ಅರ್ಧ ಡಾಕ್ಟರಾಗಿದ್ದಳು.

"ಬೆನ್ನಾ? ಕಷ್ಟವೇ ಇಲ್ಲ. ಒಂದು ಸಲ ಎಡಕ್ಕೆ ಓಡಿಸ್ಲಿ, ಒಂದು ಸಲ ಬಲಕ್ಕೆ. ಆಮೇಲೆ ನೆಟ್ ಹತ್ರ ಒಂದು ಹಾಕಿ ಬಗ್ಗಿಸ್ಲಿ. ತಾನೇ ಕೈ ಮುಗಿದು ಹೋಗ್ತಾನೆ. ಇವರಿಗೆ ಹೇಳು, ಇವತ್ತಾದ್ರೂ ಸ್ವಲ್ಪ ಕೆಟ್ಟವರಾಗಿ ಅಂತ."

ಹಿಂದಿನಿಂದ ಅಮ್ಮ ಫೋನ್ ಕಿತ್ತುಕೊಂಡಳು. "ಏನೋ ಇದು? ಅವನನ್ನೂ ಒಬ್ಬ ತಾಯಿ ಹೆತ್ತಿರ್ತಾಳೆ ಕಣೋ." ಆಮೇಲೆ ದನಿ ತಗ್ಗಿಸಿ ಹೇಳಿದಳು: "ಒಂಚೂರು ಓಡಿಸಿದ್ರೆ ಏನಾಗಲ್ಲ ಬಿಡು. ಅಳಿಯಂದಿರಿಗೆ ಹೇಳು."

ಅಳಿಯಂದಿರು ಎಲ್ಲ ಕೇಳಿಸಿಕೊಂಡು, "ನೋಡೋಣ" ಎಂದರು. ಬ್ಯಾಗು ಹೆಗಲಿಗೇರಿಸಿ ಅಂಗಳಕ್ಕೆ ಹೊರಟರು.

ದೊಡ್ಡ ಆಟಗಾರ ಮೊದಲಿಗೆ ಬಾಗಿಲು ದಾಟಲೂ ಕಷ್ಟಪಡುವ ಮುದುಕನಂತೆ ನಡೆದ. ನಾನು ಬೇಲಿಯ ಪಕ್ಕ ಟವೆಲ್ ಹಿಡಿದು ನಿಂತು, ಎಡಕ್ಕೆ, ಬಲಕ್ಕೆ ಎಂದು ಕಣ್ಣಲ್ಲೇ ತೋರಿಸಿದೆ. ಭಾವ ಮೊದಲನೇ ಚೆಂಡು ಹೊಡೆದರು. ಅದು ಅವನ ಸೊಂಟಕ್ಕೆ ಹೋಯಿತು. ಎರಡನೆಯದು, ಸೊಂಟಕ್ಕೆ. ಹತ್ತನೆಯದು, ಸೊಂಟಕ್ಕೆ. ನಾನು ಟವೆಲನ್ನೇ ಬೀಸಿದೆ. ಭಾವ ನನ್ನನ್ನು ನೋಡಿದರು, ತಮ್ಮ ರ‍್ಯಾಕೆಟ್ ನೋಡಿಕೊಂಡರು, ಬಂದು ಬೇರೆ ರ‍್ಯಾಕೆಟ್ ತೆಗೆದುಕೊಂಡು ಹೋದರು. ಮತ್ತೆ ಸೊಂಟಕ್ಕೇ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಇಲಿಯೇ ಕೂತು ಬೆಕ್ಕಿನ ಬೆನ್ನು ನೀವುತ್ತಿತ್ತು.

ಸ್ವಲ್ಪ ಹೊತ್ತಿಗೆ ದೊಡ್ಡ ಆಟಗಾರನ ಮುಖ ಅರಳಿತು. ಆಮೇಲೆ ನಕ್ಕ. ಆಮೇಲೆ ಕುಪ್ಪಳಿಸಿದ. ಕೊನೆಗೆ ತನ್ನ ಕೋಚ್ ಕಡೆ ಹೆಬ್ಬೆರಳು ಎತ್ತಿ, ಆಡುತ್ತೇನೆ ಎಂದ. ಹೋಗುವಾಗ ಭಾವನ ಹೆಗಲು ತಟ್ಟಿ, ತಾನು ಬೆವರು ಒರೆಸಿದ ಟವೆಲನ್ನೇ ಕಾಣಿಕೆಯಾಗಿ ಕೊಟ್ಟ. ಎಂಥ ಉದಾರಿ!

"ಭಾವ, ಏನು ಮಾಡಿದ್ರಿ ನೀವು?" ಎಂದೆ.

"ಬಾ, ಕೋಣೆಗೆ ಹೋಗೋಣ. ಇನ್ನೂ ಹೊತ್ತಿದೆ" ಎಂದರು.

ಮಧ್ಯಾಹ್ನ ಲೇಸು ಬಿಗಿದು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಭಾವ ಗೋಡೆಯ ಟಿವಿ ನೋಡುತ್ತಾ ಕೂತರು. ಮೊದಲನೇ ಚೆಂಡು ಬಿತ್ತು. ಅಲ್ಲಿಗೆ ಮುಗಿಯಿತು. ನಾಲ್ಕನೇ ಗೇಮಿನಲ್ಲಿ ಎದುರಾಳಿ ಒಂದು ಚೆಂಡನ್ನು ಮೂಲೆಗೆ ಹೊಡೆದ, ಅಷ್ಟೇ. ದೊಡ್ಡ ಆಟಗಾರ ಅದರ ಹಿಂದೆ ಓಡಿ, ಬೆನ್ನು ಹಿಡಿದುಕೊಂಡು ಕುಸಿದ. ಕೈಕುಲುಕಿ ಪಂದ್ಯ ಬಿಟ್ಟುಕೊಟ್ಟ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಆಫೀಸಿನವನು ಬಾಗಿಲಲ್ಲಿ ಇಣುಕಿ, "ಮಾಸ್ತರೇ, ನೀವಿನ್ನು ಬಟ್ಟೆ ಬದಲಾಯಿಸಬಹುದು" ಎಂದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನೋಣವೆಂದರೆ, ಈ ಪುಣ್ಯಾತ್ಮ ಆ ತುತ್ತನ್ನು ತಾನೇ ಕಲಸಿ ಇನ್ನೊಬ್ಬನ ಬಾಯಿಗಿಟ್ಟಿದ್ದರು. ನನಗೆ ಅವರ ಮೇಲೆ ಕೆಟ್ಟ ಕೋಪ ಬಂತು.

ಮರುದಿನ ಭಾವ ದೊಡ್ಡವರಾದರು. ತನ್ನ ಅವಕಾಶವನ್ನೇ ಬಿಟ್ಟು ಎದುರಿನವನ ಬೆನ್ನು ಕಾಯ್ದ ಕೋಚ್ ಎಂದು ಪತ್ರಿಕೆಯಲ್ಲಿ ಫೋಟೋ ಬಂತು. ಕ್ಲಬ್ಬಿನಲ್ಲಿ ಅಧ್ಯಕ್ಷರು ಹೂಗುಚ್ಛ ಕೊಟ್ಟು ಕ್ರೀಡಾಸ್ಫೂರ್ತಿಯ ಬಗ್ಗೆ ಭಾಷಣ ಮಾಡಿದರು. ತಮ್ಮ ಅಣ್ಣನ ಮಗನಿಗೂ ಇದು ಆದರ್ಶವಾಗಲಿ ಎಂದರು. ನಿವೃತ್ತ ನ್ಯಾಯಾಧೀಶರು ಕಣ್ಣೊರೆಸಿಕೊಂಡರು. ಅಮ್ಮ, "ನಾನು ಮೊದಲೇ ಹೇಳಿರಲಿಲ್ವಾ, ಅವನನ್ನೂ ಒಬ್ಬ ತಾಯಿ ಹೆತ್ತಿರ್ತಾಳೆ ಅಂತ?" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಒಂಚೂರು ಓಡಿಸು ಎಂದದ್ದು ಅವಳಿಗೆ ನೆನಪಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ಅಕ್ಕ ಮೂರು ಲೋಟ ಚಹಾ ಇಟ್ಟಳು. ಹಿಂದಿನ ದಿನದಿಂದ ಗಂಡನ ಜೊತೆ ಮಾತು ಬಿಟ್ಟಿದ್ದವಳು, ಅವರ ಎದುರು ಕೂತು, "ಹೋಗ್ಲಿ ಬಿಡ್ರಿ. ನನಗೇ ಬುದ್ಧಿ ಇಲ್ಲ. ನೀವು ಒಬ್ಬರಿಗೆ ಕೆಟ್ಟದ್ದು ಮಾಡೋರಲ್ಲ ಅಂತ ಗೊತ್ತಿದ್ದೂ ಹೇಳಿಕಳಿಸಿದೆ" ಎಂದಳು. ಅವಳ ದನಿಯಲ್ಲಿ ಹೆಮ್ಮೆಯಿತ್ತು. ನನಗೂ ಕೋಪ ಇಳಿದು, ಇಂಥವರು ನಮ್ಮ ಭಾವ ಅಂತ ಮನಸ್ಸು ತುಂಬಿ ಬಂತು.

ಭಾವ ಲೋಟ ಮುಟ್ಟಲಿಲ್ಲ.

"ಮೂಲೆಗೇ ಹೊಡೆದೆ ಕಣೇ" ಎಂದರು. "ಓಡಿಸಿ ಓಡಿಸಿ ಅವನ ಬೆನ್ನು ಮುರೀಬೇಕು ಅಂತಲೇ ಹೋಗಿದ್ದೆ. ಒಂದೊಂದು ಚೆಂಡೂ ಮೂಲೆಗೆ ಅಂತಲೇ ಹೊಡೆದೆ. ರ‍್ಯಾಕೆಟ್ ಬದಲಾಯಿಸಿದೆ, ನಿಂತ ಜಾಗ ಬದಲಾಯಿಸಿದೆ. ಒಂದೂ ಹೋಗ್ಲಿಲ್ಲ. ಈ ಕೈಗೆ ಇನ್ನು ಬೇರೆ ಏನೂ ಬರಲ್ಲ."

ಅಕ್ಕ ಅವರ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಭಾವ ಅದನ್ನು ಬಿಡಿಸಿಕೊಳ್ಳಲಿಲ್ಲ.

"ಮುಖ್ಯ ಸುತ್ತಿಗೆ ಹೋಗಿದ್ರೂ ಅಷ್ಟೇ ಆಗ್ತಿತ್ತು" ಎಂದರು. "ಅಷ್ಟು ಜನರ ಮುಂದೆ ನಿಂತು, ಎದುರಾಳಿಗೂ ಅದ್ಭುತ ಸರ್ ಅಂತಿದ್ದೆನೋ ಏನೋ."