ಅವಸರದಲ್ಲಿ ಓಡಿದ ಮದುವೆ

ಇದನ್ನು ಹೇಳುವುದನ್ನು ನಾನು ಬಹಳ ವರ್ಷಗಳಿಂದ ಮುಂದೂಡುತ್ತ ಬಂದಿದ್ದೇನೆ. ಈ ಕಥೆಯ ಸಾಹುಕಾರರು ಬದುಕಿದ್ದಾಗ ಅವರಿಗೆ ತಿಳಿದೀತು ಎಂಬ ನೆಪ. ಅವರು ಹೋದ ಮೇಲೆ, ಸತ್ತವರ ಮಾತೇಕೆ ಎಂಬ ನೆಪ. ಈಗ ನೆಪ ಹೇಳಲು ಬಾಯಲ್ಲಿ ಹಲ್ಲೂ ಉಳಿದಿಲ್ಲ. ನಿಜ ಹೇಳಲು ಹಲ್ಲು ಬೇಕಿಲ್ಲವಲ್ಲ, ಕೇಳಿ.

ಕೆದಕಿದವಳು ನನ್ನ ಮೊಮ್ಮಗಳು. ಆದೋನಿಯಲ್ಲಿ ಮದುವೆಯ ವಿಡಿಯೋಗಳನ್ನು ಕತ್ತರಿಸಿ ಜೋಡಿಸುವುದು ಅವಳ ಕಸುಬು. ಮೊನ್ನೆ ಮದ್ದಿಕೇರದ ಒಂದು ಮನೆಯವರು ಹಿರಿಯರ ಮದುವೆಯ ಹಳೇ ರೀಲು ತಂದು, ಈಗಿನ ಹುಡುಗನ ಮದುವೆಯ ವಿಡಿಯೋದಲ್ಲಿ ಸೇರಿಸಿಕೊಡು ಎಂದರಂತೆ. ಅವಳು ಅದನ್ನು ಕಂಪ್ಯೂಟರಿಗೆ ಇಳಿಸಿ ನನ್ನನ್ನು ಕರೆದಳು. ತೆರೆಯ ಮೇಲೆ ಮದುಮಗಳು ಬಸ್ಸು ತಪ್ಪಿಹೋಗುತ್ತದೆ ಎಂಬ ಹಾಗೆ ಮಂಟಪಕ್ಕೆ ಓಡಿದಳು. ನಾನು ಗಹಗಹಿಸಿ ನಕ್ಕೆ.

"ನಗಬ್ಯಾಡ ತಾತ. ಇದನ್ನ ಸೆಕೆಂಡಿಗೆ ಹದಿನಾರು ಫ್ರೇಮ್ ತೆಗದಾರ, ನನ್ನ ವಿಡಿಯೋದ್ದು ಇಪ್ಪತ್ತೈದು. ಹಂಗೇ ಸೇರಿಸಿದ್ರ ಎಲ್ಲಾರೂ ಕೋಳಿ ಓಡಿದಂಗ ಓಡ್ತಾರ. ತಡಿ."

ಕೆಲವು ಚಿತ್ರಗಳು ಎರಡೆರಡು ಸಲ ಬರುವಂತೆ ಏನೋ ಮಾಡಿದಳು. ಅದೇ ಮದುಮಗಳು ಈಗ ನೆರಿಗೆ ಹಿಡಿದುಕೊಂಡು, ನಾಚಿಕೊಂಡು, ಮೆಲ್ಲಗೆ ನಡೆದು ಬಂದಳು. ನಾನು ನಗುವುದನ್ನು ಬಿಟ್ಟು ತೆರೆಯ ಹತ್ತಿರಕ್ಕೆ ಜರುಗಿದೆ. ಇದು ನನಗೆ ಅವಳಪ್ಪ ಹುಟ್ಟುವ ಮೊದಲೇ ಗೊತ್ತಿದ್ದ ವಿದ್ಯೆ.

ನಮ್ಮ ತಾಲೂಕು ಆಗಷ್ಟೇ ಮದ್ರಾಸ್ ರಾಜ್ಯದಿಂದ ಆಂಧ್ರಕ್ಕೆ ಹೋಗಿತ್ತು. ನಾವು ಮಾತ್ರ ಇದ್ದಲ್ಲೇ ಇದ್ದೆವು. ನಾನು ಹೈಸ್ಕೂಲು ಮುಗಿಸಿ, ಗುಮಾಸ್ತಿಕೆ ಸಿಗದೆ, ಒಂದು ಟೂರಿಂಗ್ ಟಾಕೀಸಿನಲ್ಲಿ ಆಪರೇಟರ್ ಆಗಿದ್ದೆ. ತಲೆಗೆ ಕೊಬ್ಬರಿ ಎಣ್ಣೆ, ಕೊರಳಿಗೆ ಕರ್ಚೀಫು. ಪರದೆಯ ಮೇಲಿನ ನಾಯಕ ಅರ್ಧ ನಾನೇ ಎಂದು ನಂಬಿದ್ದೆ. ನಮ್ಮದು ಹಳೇ ಮಷಿನ್ನು. ಮೋಟರಿಗೆ ಕೊಟ್ಟರೆ ಮಾತಿನ ಚಿತ್ರದ, ಅಂದರೆ ಟಾಕಿಯ, ಜೋರು ವೇಗ. ಮೋಟರು ಬಿಡಿಸಿ ಪಕ್ಕದ ಹಿಡಿಕೆಯನ್ನು ಕೈಯಲ್ಲಿ ತಿರುವಿದರೆ, ಮಾತಿಲ್ಲದ ಮೂಕಿ ಕಾಲದ ಚಿತ್ರವನ್ನು ಅದರದೇ ನಿಧಾನದ ನಡಿಗೆಯಲ್ಲಿ ತೋರಿಸಬಹುದಿತ್ತು. ತೋಳು ನೋಯುತ್ತಿತ್ತು, ಅಷ್ಟೇ.

ಹತ್ತಿಯ ಸಾಹುಕಾರರೊಬ್ಬರು ಮಗಳ ಮದುವೆಗೆ ನನ್ನನ್ನೂ ಮಷಿನ್ನನ್ನೂ ಕರೆಸಿದರು. ಸಾಹುಕಾರರದೇ ಮದುವೆಯನ್ನು ಮದ್ರಾಸಿನವನೊಬ್ಬ ಮೂಕಿ ಕಾಲದಲ್ಲಿ ರೀಲಿಗೆ ತೆಗೆದಿದ್ದನಂತೆ. ಬೀಗರಿಗೆ ಅದನ್ನು ತೋರಿಸಬೇಕು. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಗೋದಾಮಿನ ಕಿಟಕಿಗಳಿಗೆ ಹತ್ತಿಯ ಬೇಲುಗಳನ್ನು ಒತ್ತಿ ಹಾಡಹಗಲೇ ಕತ್ತಲೆ ಮಾಡಿದ್ದರು. ಮಷಿನ್ನಿನ ಬಿಸಿ, ಹತ್ತಿಕಾಳಿನ ಎಣ್ಣೆ ವಾಸನೆ, ಗಾಳಿಯಲ್ಲೆಲ್ಲ ಹತ್ತಿಯ ನವಿರು. ಬೀಗರೆಲ್ಲ ಸೀನುತ್ತಲೇ ಕೂತರು.

ಸಾಹುಕಾರರು ಅವರೆದುರಿಗೆ ನನ್ನ ಬೆನ್ನು ತಟ್ಟಿ, "ಏಮಿರಾ ಅಬ್ಬಾಯಿ, ಹೈಸ್ಕೂಲು ಓದಿ ಚಕ್ರ ತಿರುವೋ ಕೆಲಸೇನು? ಇದಕ್ಕ ನಮ್ಮ ಗಾಣದ ಎತ್ತು ಸಾಕಾಗಿತ್ತಲ್ಲೋ!" ಅಂದರು. ಎಲ್ಲರೂ ನಕ್ಕರು. "ನಾನು ಕುದುರಿ ಮ್ಯಾಲಿಂದ ಇಳಿಯೋ ಗತ್ತು ನೋಡ್ರಿ" ಎಂದು ಮೀಸೆ ಸವರಿ ಮುಂದಿನ ಕುರ್ಚಿಗೆ ಹೋದರು. ಗತ್ತು ತಾನೆ, ತೋರಿಸುತ್ತೇನೆ, ಅಂದುಕೊಂಡೆ.

ಅಷ್ಟರಲ್ಲಿ ಅವರ ಅಕ್ಕ ಮಷಿನ್ನಿನ ಬಳಿ ಬಂದರು. ಗಂಡ ಸತ್ತಾಕೆ, ಪೆದ್ದಹರಿವಾಣದಿಂದ ಗಾಡಿ ಕಟ್ಟಿಸಿಕೊಂಡು ಬಂದಿದ್ದರು. ಹೆಸರು ಈಗಲೇ ಬೇಡ. ಅದು ಬಾಯಿಗೆ ಬರಲು ಸ್ವಲ್ಪ ಹೊತ್ತು ಬೇಕು.

"ತಮ್ಮಾ, ನಮ್ಮನಿಯವರು ನಡಕೊಂತ ಬರೋದು ಇದರಾಗ ಐತಂತ. ಈ ಮದಿವಿ ಆದ ಮರುವರ್ಷನೇ ಹೋದ್ರು. ಒಂದು ಫೋಟೋನೂ ಇಲ್ಲ. ಬಾಳ ನಿಧಾನ ಮನಷ್ಯಾ, ಕೈ ಹಿಂದಕ ಕಟ್ಟಿಕೊಂಡು ಹೊಲ ನೋಡಿದಂಗ ನಡೀತಿದ್ರು. ಸಾವಕಾಶ ಬಿಡಪ್ಪ, ಕಣ್ತುಂಬ ನೋಡ್ತೀನಿ."

"ಆಗಲಿ ಅವ್ವ" ಅಂದೆ. ಮೋಟರಿಗೇ ಕೊಟ್ಟೆ.

ಅಯ್ಯಯ್ಯೋ, ಆ ಮದುವೆ! ಸಾಹುಕಾರರು ಕುದುರೆಯ ಮೇಲಿಂದ ಜೋಳದ ಚೀಲ ಜಾರಿದಂತೆ ಇಳಿದರು. ನೆಂಟರು ಸೊಳ್ಳೆ ಹೊಡೆಯುವವರಂತೆ ಅಕ್ಕಿಕಾಳು ಎಸೆದರು. ಅತ್ತೆ ಆರತಿ ಎತ್ತಿದ್ದು ಯಾರಿಗೂ ಕಾಣಲೇ ಇಲ್ಲ. ಗೋದಾಮು ಬಿದ್ದುಬಿದ್ದು ನಕ್ಕಿತು. "ಏನ್ರಿ ಮಾವ, ಮುಹೂರ್ತ ಮೀರಿತ್ತೇನು?" ಎಂದು ಬೀಗರ ಕಡೆಯವನೊಬ್ಬ ಕೂಗಿದ. ಆ ನಗೆಯ ನಡುವೆಯೇ, ಕೈ ಹಿಂದಕ್ಕೆ ಕಟ್ಟಿಕೊಂಡ ಎತ್ತರದ ಮನುಷ್ಯನೊಬ್ಬ ಆ ತುದಿಯಿಂದ ಈ ತುದಿಗೆ ತುರುತುರು ಓಡಿ ಮಾಯವಾದ. ಅವನಿಗೇ ಎಲ್ಲರಿಗಿಂತ ಜೋರು ನಗೆ ಬಿತ್ತು. ನನ್ನದೂ ಅದರಲ್ಲಿತ್ತು.

ದೀಪ ಹಾಕಿದಾಗ ಸಾಹುಕಾರರ ಮುಖ ಇಂಗು ತಿಂದ ಮಂಗನ ಹಾಗಿತ್ತು. ಅಕ್ಕ ಮತ್ತೆ ನನ್ನ ಹತ್ತಿರ ಬಂದರು. ಸಿಟ್ಟಿರಲಿಲ್ಲ.

"ಅವರು ಹಂಗ ನಡೀತಿರಲಿಲ್ಲಪ್ಪ. ಇನ್ನೊಂದ್ಸಲ ಬರ್ತೈತೇನು, ಸಾವಕಾಶ?"

ನನ್ನ ಕೈ ಹಿಡಿಕೆಯ ಮೇಲೇ ಇತ್ತು. ತಿರುವಿದರೆ, ಮೊದಲು ಮಾಡಿದ್ದು ಬೇಕೆಂದೇ ಮಾಡಿದ್ದೆಂದು ಸಾಹುಕಾರರಿಗೆ ಗೊತ್ತಾಗುತ್ತಿತ್ತು. "ಹಳೇ ಫಿಲಮು ಅವ್ವ, ಇರೋದೇ ಹಂಗ. ಮಷಿನ್ನು ಸುಳ್ಳು ಹೇಳಂಗಿಲ್ಲ" ಅಂದೆ. ಆ ಕೊನೆಯ ಮಾತು ಯಾರಿಗೂ ಬೇಕಿರಲಿಲ್ಲ. ಜಾಣತನಕ್ಕೆ ನಾನೇ ಸೇರಿಸಿದ್ದು.

ಅವಮಾನ ತಾಳದೆ ಸಾಹುಕಾರರು ಅವತ್ತೇ ಆ ರೀಲನ್ನು ಮಿಲ್ಲಿನ ಬಾಯ್ಲರಿನ ಬೆಂಕಿಗೆ ಹಾಕಿಸಿದರು. ಹಳೇ ಫಿಲಮು ಭಗ್ಗನೆ ಹತ್ತಿಕೊಳ್ಳುತ್ತದೆ. ನಾನಾಗ ಮದುವೆ ಮನೆಯ ಹೋಳಿಗೆ ತಿನ್ನುತ್ತಿದ್ದೆ.

ಕೆಲವು ವರ್ಷಗಳ ನಂತರ ಸಾಹುಕಾರರ ಆ ಅಕ್ಕ ಆದೋನಿ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಸಿಕ್ಕರು. ದೂರದಿಂದ ಮೆಲ್ಲಗೆ ನಡೆದು ಬರುತ್ತಿದ್ದ ಮೊಮ್ಮಗನನ್ನು ಕರೆದು, "ಬಿರಬಿರ ಬಾರೋ. ನಿಮ್ಮ ತಾತ ಎಷ್ಟು ಚುರುಕ ನಡೀತಿದ್ರು ಗೊತ್ತೇನು? ನಾನು ಸಾವಕಾಶ ಅಂತ ತಿಳಕೊಂಡಿದ್ದೆ, ವಯಸ್ಸಾತಲ್ಲ, ಮರತೀನಿ. ಸಿನಿಮಾದಾಗ ನೋಡೀನಲ್ಲ" ಅಂದರು. ನನ್ನತ್ತ ತಿರುಗಿ, "ಇವರೇ ತೋರಿಸಿದ್ರು" ಎಂದು ಹೆಮ್ಮೆಯಿಂದ ಸೇರಿಸಿದರು.

ಹೇಳಬಹುದಿತ್ತು. ಗೋಲಿ ಸೋಡಾ ಕೊಡಿಸಿದೆ. "ದೇವರಂಥ ಹುಡುಗ" ಎಂದು ಹರಸಿ ಬಸ್ಸು ಹತ್ತಿದರು.

ರೀಲು ಸುಟ್ಟದ್ದು ಸಾಹುಕಾರರು. ಆಕೆಯ ತಲೆಯಲ್ಲಿ ಅಷ್ಟು ವರ್ಷ ನಿಧಾನವಾಗಿ ನಡೆಯುತ್ತಿದ್ದ ಮನುಷ್ಯನನ್ನು ಓಡಿಸಿಬಿಟ್ಟವನು ನಾನು. ಅದನ್ನು ಯಾವ ಕಂಪ್ಯೂಟರೂ ಹಿಂದಕ್ಕೆ ತಿರುವಲಾರದು.

"ತಾತ, ಇದಷ್ಟೂ ಸರಿ ಮಾಡಾಕ ಇಡೀ ದಿನ ಬೇಕು. ಓಡ್ಲಿ ಅಂತ ಬಿಡ್ಲೇನು? ಜನ ನಗ್ತಾರ, ಮಜಾ ಇರ್ತೈತಿ" ಅಂದಳು ಮೊಮ್ಮಗಳು.

"ಬ್ಯಾಡವ್ವ, ಸಾವಕಾಶ ಬಿಡು. ನೋಡೋರು ಯಾರಾದ್ರೂ ಇರ್ತಾರ" ಅಂದೆ.

"ಯಾರು?"

ಹೇಳಿದೆ. ನಿಮಗೂ ಹೇಳುತ್ತೇನೆ. ಗೌರಮ್ಮ. ಪೆದ್ದಹರಿವಾಣದ ಗೌರಮ್ಮ.